ಅಜೆಂಡಾದಾಗ ಇಲ್ಲದ ಬೆಂಕಿ

ಮಧ್ಯಾಹ್ನ ಮೂರೂ ಹತ್ತಕ್ಕೆ ಅಧ್ಯಕ್ಷರ ತೋರುಬೆರಳಲ್ಲಿ ಗೋದಾಮಿನ ಕೀಲಿಕೈ ಗಿರಗಿರನೆ ತಿರುಗುತ್ತಿತ್ತು. ಕೆಲಸ ಕಾಣದ, ಕೊಬ್ಬಿದ ಬೆರಳು. ಸಿರುಗುಪ್ಪದಲ್ಲಿ ಬೀಜ ಬಿಡಿಸುವ ನಮ್ಮ ಹತ್ತಿ ಜಿನ್ನಿನ ಗೋದಾಮಿಗೆ ಊಟದ ಗಂಟೆ ಮುಗಿದೊಡನೆ ಹೊರಗಿನಿಂದ ಬೀಗ ಬೀಳುತ್ತಿತ್ತು. ಒಳಗೆ ಹತ್ತಿ ಆರಿಸುವ ಹೆಂಗಸರು ಸೆರಗಿನಲ್ಲಿ ಕದ್ದೊಯ್ಯುತ್ತಾರೆಂದು ಅಧ್ಯಕ್ಷರ ಗುಮಾನಿ.

ಬಿ.ಎ. ಮುಗಿಸಿದ ನಾನು ಆಡಳಿತ ಮಂಡಳಿಯ ಕಾರ್ಯದರ್ಶಿ. ಅಜೆಂಡಾ ಎಂದರೆ ಸಭೆಯಲ್ಲಿ ಮಾತಾಡಬೇಕಾದ ವಿಷಯಗಳ ಪಟ್ಟಿ ಎಂದು ತಿಳಿದಿದ್ದೆ. ಅಧ್ಯಕ್ಷರ ಬಾಯಲ್ಲಿ ಅದಕ್ಕೆ ಒಂದೇ ಅರ್ಥ: ಬಾಯಿ ಮುಚ್ಚು. ಕುಡಿಯುವ ನೀರಿನ ಹರವಿ ಒಡೆದಿದೆ ಎಂದರೂ, “ಅಜೆಂಡಾದಾಗ ಐತೇನು?” ಮನೆಯಿಂದ ಊಟಕ್ಕೆ ಕರೆ ಬಂದರೆ ಮಾತ್ರ ಅಜೆಂಡಾ ತಾನಾಗಿ ಮುಗಿಯುತ್ತಿತ್ತು.

ಅಂದಿನ ವಿಷಯ, ಅಧ್ಯಕ್ಷರ ಕುರ್ಚಿಗೆ ಹೊಸ ಗಾದಿ. ಗೋದಾಮು ಕಾಯುವ ಜಮಾದಾರ ಏದುಸಿರು ಬಿಡುತ್ತ ಒಳಗೆ ನುಗ್ಗಿದ.

“ಸಾಹೇಬ್ರ, ಬೆಂಕಿ!”

“ಅಜೆಂಡಾದಾಗ ಐತೇನಲೇ?”

ಅದು ಯಾವುದೋ ಕೋಣೆಯ ಹೆಸರೆಂದುಕೊಂಡ ಪಾಪದವನು, “ಅಜೆಂಡಾದಾಗ ಇಲ್ರೀ ಯಪ್ಪಾ, ಗೋದಾಮಿನಾಗ ಐತ್ರಿ! ಹೆಣ್ಮಕ್ಕಳು ಒಳಗ ಅದಾರ್ರಿ, ಕೀಲಿ ಕೊಡ್ರಿ!” ಎಂದ.

“ಕಡೀಗೆ ‘ಇತರೆ ವಿಷಯ’ ಅಂತ ಬರತೈತಿ. ಆಗ ಹೇಳು.”

ಬೆರಳು ನಿಲ್ಲಲಿಲ್ಲ. ನಾನು ಎದ್ದು ಕೀಲಿಕೈ ಕಿತ್ತುಕೊಂಡು ಓಡಿದೆ. ಬೀಗ ಅಂಗೈ ಸುಟ್ಟಿತು. ಬಾಗಿಲು ತೆರೆದಾಗ ಮೊದಲು ಬಂದದ್ದು ಹೊಗೆ, ಆಮೇಲೆ ಕೆಮ್ಮು, ಆಮೇಲೆ ಹೆಂಗಸರು. ಎಲ್ಲರೂ ಬದುಕಿದರು. ಹಚ್ಚೊಳ್ಳಿಯ ಮುದುಕಿಯೊಬ್ಬಳ ಕೈ ಮಾತ್ರ ಮತ್ತೆ ಹತ್ತಿ ಹಿಡಿಯಲಿಲ್ಲ.

ಮುಂದಿನ ಸಭೆಯಲ್ಲಿ ಅಧ್ಯಕ್ಷರು ನಡಾವಳಿ ತಿದ್ದಿಸಿದರು. “ಬೆಂಕಿ ಅಜೆಂಡಾದಾಗ ಇರ್ಲಿಲ್ಲ. ಹೊಡೆದು ಹಾಕ್ರಿ.” ಗಾದಿ ಮಂಜೂರಾಯಿತು. ಬೀಗ ಅಲ್ಲೇ ಉಳಿಯಿತು. ಕೀಲಿಕೈ ಮತ್ತೆ ಅದೇ ಬೆರಳಿಗೆ ಹೋಯಿತು. ರಾತ್ರಿ ಕಣ್ಣು ಹತ್ತಿತೆಂದರೆ ಅಂಗೈಯಲ್ಲಿ ಬೀಗ ಕಾಯುತ್ತಿತ್ತು. ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ಬೆವೆತು ಎದ್ದು ಕೂರುತ್ತಿದ್ದೆ.

ಮರುವರ್ಷ ಅಧ್ಯಕ್ಷರು ಆ ಗಾದಿಯ ಮೇಲೆ ತೂಕಡಿಸುತ್ತಲೇ ತೀರಿಕೊಂಡರು. ಸಂತಾಪ ಸಭೆಯ ಅಜೆಂಡಾ ಬರೆಯುವ ಕೆಲಸ ನನ್ನದೇ. ಮೊದಲನೆಯ ವಿಷಯ: ಗೋದಾಮಿನ ಬೀಗ ತೆಗೆಯುವುದು. ಎರಡನೆಯದು: ಸಂತಾಪ.

ಬಾಗಿಲಲ್ಲಿ ನಿಂತಿದ್ದ ಜಮಾದಾರ ಮೆಲ್ಲಗೆ ಕೇಳಿದ, “ನಮ್ಮ ಬೆಂಕಿ ಈಗರ ಅಜೆಂಡಾದಾಗ ಐತೇನ್ರಿ?”

“ಐತಪ,” ಎಂದೆ. “ಎಲ್ಲಾದ್ಕಿಂತ ಮೊದಲು.”

ಸಭೆ ಮುಗಿದ ಸಂಜೆ ಅವನು ಬೀಗದ ಜೊತೆಗೆ ಕೊಂಡಿಯನ್ನೂ ಕಿತ್ತು ತಂದ. ಆ ರಾತ್ರಿ ಮಲಗಿದ ನಾನು ಎದ್ದದ್ದು ಬೆಳಗಿಗೇ.