ನೋಡದೆಯೂ ಸಾಕ್ಷಿ ಹೇಳುವ ಹ್ಯಾಷ್ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಾಕ್ಷ್ಯ ಪರೀಕ್ಷಾ ಕೇಂದ್ರದ ನೆಲಮಾಳಿಗೆಯಲ್ಲಿ ಸ್ವೆಟರ್ ತೊಟ್ಟ ಹೆಂಗಸೊಬ್ಬರು "ಏಳಪ್ಪ, ಸಾಕು ನಿದ್ದೆ" ಎಂದು ಹಳೆಯ ಕಂಪ್ಯೂಟರನ್ನು ಪುಸಲಾಯಿಸುತ್ತಿದ್ದಾರೆ. ನ್ಯಾಯಾಲಯಕ್ಕೆ ಹೋಗುವ ಫೋಟೊ, ವಿಡಿಯೊಗಳೆಲ್ಲ ಇವರ ಕೈ ದಾಟಿಯೇ ಹೋಗಬೇಕು. ಇಲ್ಲಿ ಎಲ್ಲರಿಗೂ ಇವರು ಹ್ಯಾಷ್ ಅಕ್ಕ.

ಮೊದಲು ಟೈಪಿಸ್ಟ್ ಆಗಿದ್ದವರು. ಟೈಪ್‌ರೈಟರ್ ಮೂಲೆ ಸೇರಿದ ಮೇಲೆ ಬೆನ್ನುನೋವು ಉಳಿಯಿತು, ಈ ಕೆಲಸ ಬಂತು. "ದಿನವಿಡೀ ಅಲ್ಲಿ ಏನ್ ಮಾಡ್ತೀಯ ಅಂತ ನಮ್ಮ ಯಜಮಾನರು ಕೇಳ್ತಾರೆ. ಇದು ಅದೇನಾ ಅಂತ ನೋಡ್ತೀನಿ ಅಂದ್ರೆ ನಗ್ತಾರೆ."

ನಗುವಂಥದ್ದೇನಿಲ್ಲ. ಯಾವ ಫೈಲನ್ನೇ ಕೊಡಿ, ಹ್ಯಾಷ್ ಎಂಬ ಲೆಕ್ಕಾಚಾರ ಅದನ್ನು ಅರೆದು ಅಂಕಿ ಅಕ್ಷರಗಳ ಒಂದು ಸಾಲಾಗಿಸುತ್ತದೆ. ಫೈಲು ಎಷ್ಟೇ ದೊಡ್ಡದಿರಲಿ, ಸಾಲಿನ ಉದ್ದ ಒಂದೇ. ಫೈಲು ಬದಲಾಗದಿದ್ದರೆ ಸಾಲೂ ಬದಲಾಗದು. ಒಂದು ಚುಕ್ಕಿ ಆಚೀಚೆಯಾದರೂ ಗುರುತೇ ಸಿಗದಷ್ಟು ಬೇರೆ ಸಾಲು ಬರುತ್ತದೆ. "ಕಾಳು ಬೀಸಿದ್ರೆ ಹಿಟ್ಟಾಗುತ್ತೆ. ಹಿಟ್ಟಿಂದ ಕಾಳು ವಾಪಸ್ ಬರುತ್ತಾ? ಹಾಗೇ, ಸಾಲು ನೋಡಿ ಫೈಲು ಮಾಡೋಕಾಗಲ್ಲ" ಎನ್ನುತ್ತಾರೆ ಅಕ್ಕ.

ಇದೇನು ಮಹಾ ಕೆಲಸ ಎಂದು ಮೂಗು ಮುರಿಯುವವರು ಈ ಬೆಳಿಗ್ಗೆ ಇಲ್ಲಿರಬೇಕಿತ್ತು. ಹೊರಗಿನ ಬೆಂಚಿನ ಮೇಲೆ ಒಬ್ಬಾಕೆ ಕಾದು ಕೂತಿದ್ದಾರೆ. ಮುದ್ರಣಾಲಯದ ಯಂತ್ರ ಈಕೆಯ ಗಂಡನ ಕೈ ನುಂಗಿದೆ. ಯಂತ್ರಕ್ಕೆ ರಕ್ಷಣೆಯ ಜಾಲರಿ ಇತ್ತು, ತಪ್ಪು ಆತನದೇ ಎಂಬುದು ಮಾಲೀಕರ ಹಟ. ಜಾಲರಿ ಇರಲಿಲ್ಲವೆಂದು ಹೇಳಬಲ್ಲದ್ದು ಕ್ಯಾಮೆರಾದ ವಿಡಿಯೊ ಒಂದೇ. ಪರಿಹಾರದ ವಿಚಾರಣೆ ಇವತ್ತೇ.

ಆಕೆಯ ಪರ ವಕೀಲರು ತಂದಿರುವ ವಿಡಿಯೊ ಪ್ರತಿಗೆ ಅಕ್ಕ ಹ್ಯಾಷ್ ಲೆಕ್ಕ ಹಾಕಿಸುತ್ತಾರೆ. ವಿಡಿಯೊ ವಶಪಡಿಸಿಕೊಂಡ ದಿನ ಎರಡೂ ಕಡೆಯವರ ಸಹಿಯೊಂದಿಗೆ ಬರೆದಿಟ್ಟ ಸಾಲೇ ಬೇರೆ, ಈಗ ಬಂದದ್ದೇ ಬೇರೆ.

ವಕೀಲರು ಗಾಬರಿಯಿಂದ ಪರದೆಯತ್ತ ಬಾಗುತ್ತಾರೆ. "ಕತ್ತಲೆ ಕತ್ತಲೆಯಾಗಿ ಕಾಣ್ತಿತ್ತು. ಚೆನ್ನಾಗಿ ಕಾಣಲಿ ಅಂತ ಸ್ವಲ್ಪ ಬೆಳಕು ಕೂಡಿಸಿದೆ, ಅಷ್ಟೇ!"

ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆದರೆ ಬೆಳಕು ಕೂಡಿಸಿದರೋ ಜಾಲರಿಯನ್ನೇ ಅಳಿಸಿದರೋ, ಹ್ಯಾಷ್ ಹೇಳುವುದಿಲ್ಲ. ಬದಲಾಗಿದೆ ಎಂದಷ್ಟೇ ಹೇಳುತ್ತದೆ.

"ಒಂದು ಸಾಲು ತಾನೇ ಮೇಡಂ, ಹಳೇದನ್ನೇ ಬರೆದುಬಿಡಿ."

"ಇವತ್ತು ನಿಮಗೆ ಬರೆದುಕೊಟ್ರೆ ನಾಳೆ ಆ ಮಾಲೀಕರಿಗೂ ಬರೆದುಕೊಡ್ಬೇಕಾಗುತ್ತೆ ಸಾರ್" ಎಂದು ಅಕ್ಕ ಎದ್ದು ಬೀರುವಿನ ಬೀಗ ತೆಗೆಯುತ್ತಾರೆ. ಅಂದು ವಶಪಡಿಸಿಕೊಂಡ ಕ್ಯಾಮೆರಾದ ಮೂಲ ಡಿಸ್ಕ್ ಮೊಹರು ಹಾಕಿದಂತೆಯೇ ಇದೆ. ಅದೂ ಕೈಕೊಟ್ಟರೆ ದಾವೆ ಅಲ್ಲಿಗೆ ಮುಗಿಯಿತು. ಮೊಹರು ಒಡೆದು ಕಂಪ್ಯೂಟರಿಗೆ ಜೋಡಿಸಿದರೆ ಡಿಸ್ಕ್ ಒಂದೆರಡು ಸಲ ಕಟಕಟ ಎಂದು ಸುಮ್ಮನಾಗುತ್ತದೆ. ಅಬ್ಬಾ, ಆಮೇಲೆ ತಿರುಗುತ್ತದೆ!

ಕಾಯುವಾಗ ಅಕ್ಕ ತಮ್ಮ ಲೋಕದ ಮಾತಾಡುತ್ತಾರೆ. ಹ್ಯಾಷ್ ಬೀಗವಲ್ಲ, ಅದರಿಂದ ಏನನ್ನೂ ಮುಚ್ಚಿಡಲಾಗದು. ಒಂದೇ ಸಾಲು ಬರುವಂತೆ ಎರಡು ಬೇರೆ ಫೈಲು ಸೃಷ್ಟಿಸುವ ಉಪಾಯ ಹಳೆಯ ಕೆಲವು ವಿಧಾನಗಳಲ್ಲಿ ಸಿಕ್ಕಿರುವುದರಿಂದ ಅವುಗಳನ್ನು ಇಲ್ಲಿ ನಂಬುವುದಿಲ್ಲ. "ಪಾಸ್‌ವರ್ಡ್ ಕಾಪಾಡೋಕೆ ನಿಧಾನದ ಹ್ಯಾಷೇ ಬೇಕು. ಬೇಗ ಆಗೋದಾದ್ರೆ ಕಳ್ಳನೂ ಊಹೆ ಮಾಡಿ ಮಾಡಿ ಬೇಗ ಹಿಡೀತಾನೆ. ನನಗೆ ಬೇಗ ಆಗೋದೇ ಒಳ್ಳೇದು. ನೋಡಿ, ಹೊರಗೆ ಕಾಯ್ತಿರ್ತಾರಲ್ಲ."

ಸಾಲು ಮೂಡುತ್ತದೆ. ಅಕ್ಕ ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತಾರೆ, ಆಮೇಲೆ ಕಂಪ್ಯೂಟರಿಗೂ ತಾಳೆ ನೋಡಲು ಹೇಳುತ್ತಾರೆ. ಅಂದು ಬರೆದಿಟ್ಟ ಸಾಲಿಗೆ ಹೊಂದಿದೆ. ವಕೀಲರು ತಾವು ತಂದ ಪ್ರತಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ.

ವರದಿ ಹಿಡಿದು ಹೊರಗೆ ಬಂದ ಅಕ್ಕನ ಕೈಯನ್ನು ಬೆಂಚಿನ ಮೇಲಿದ್ದಾಕೆ ಹಿಡಿದುಕೊಳ್ಳುತ್ತಾರೆ. "ಅದರಲ್ಲಿ ಅವರ ಕೈ ಹೋಗೋದು... ನೀವು ನೋಡಿದ್ರಾ ಅಕ್ಕ? ನನಗೆ ಧೈರ್ಯವೇ ಬರ್ಲಿಲ್ಲ."

"ಇಲ್ಲಮ್ಮ, ನಾನೂ ನೋಡಿಲ್ಲ. ಯಾರೂ ಅದನ್ನ ಮುಟ್ಟಿಲ್ಲ ಅಂತ ಹೇಳೋಕೆ ನಾನು ನೋಡ್ಬೇಕಾಗಿಲ್ಲ. ಈ ಕೆಲಸದಲ್ಲಿ ನನಗೆ ಇಷ್ಟ ಆಗೋದೇ ಅದು."