ಟ್ಯಾಂಕಿನ ಮುಚ್ಚಳಕ್ಕೆ ಇಟ್ಟ ಕುಂಕುಮ

ಆ ವರ್ಷ ಆಯುಧ ಪೂಜೆ ಮುಗಿದ ಮೇಲೆ ನನ್ನ ಬೈಕಿಗೆ ಹೊಸ ಕಾಯಿಲೆ ಶುರುವಾಯಿತು. ಇಟ್ಟಮಡುವಿನ ನಮ್ಮ ಮನೆಯಿಂದ ಚೆನ್ನಾಗಿಯೇ ಹೊರಡುತ್ತಿತ್ತು. ಕತ್ರಿಗುಪ್ಪೆ ಹತ್ತಿರ ಬರುವಷ್ಟರಲ್ಲಿ ಗಕ್ ಗಕ್ ಎಂದು ನಿಂತುಬಿಡುತ್ತಿತ್ತು. ಬಿಸಿಯಾದರೆ ನಿಲ್ಲುತ್ತದೆ, ಆರಿದರೆ ಹೊರಡುತ್ತದೆ ಎಂದರೆ ಕರೆಂಟಿನದೇ ತೊಂದರೆ ಎಂದುಕೊಂಡೆ. ಪ್ಲಗ್ ಬದಲಾಯಿಸಿದೆ. ಕಿಡಿ ಹುಟ್ಟಿಸುವ ಪಾಯಿಂಟಿಗೆ ಎಮರಿ ಪೇಪರ್ ಉಜ್ಜಿದೆ. ಕಂಡೆನ್ಸರ್ ಹೊಸದು ಹಾಕಿದೆ. ಮಾರನೇ ದಿನ ಮತ್ತೆ ಅದೇ ರಾಗ.

ಅಷ್ಟರಲ್ಲಿ ಅಕ್ಕನಿಗೆ ಜಯನಗರದ ಒಂದು ಆಫೀಸಿನಲ್ಲಿ ಟೈಪಿಂಗ್ ಟೆಸ್ಟ್ ಬಂತು. ಹತ್ತು ಗಂಟೆಗೆ ಬಾಗಿಲು ಹಾಕುತ್ತಾರೆ, ಆಮೇಲೆ ಬಂದವರನ್ನು ಸೇರಿಸುವುದಿಲ್ಲ ಎಂದಿದ್ದರು. ನಾನೇ ಬಿಡುತ್ತೇನೆ ಎಂದು ಕೂರಿಸಿಕೊಂಡು ಹೊರಟೆ. ಕತ್ರಿಗುಪ್ಪೆಯಲ್ಲಿ ನಿಂತಿತು.

"ಬಸ್ಸಲ್ಲಿ ಹೋಗ್ತೀನಿ ಅಂದ್ರೆ ದೊಡ್ಡದಾಗಿ ಬಿಡ್ತೀನಿ ಅಂದ್ಯಲ್ಲೋ!"

"ಸುಮ್ನಿರಕ್ಕ. ಪಾಯಿಂಟ್ ನೋಡ್ತಿದೀನಿ."

ಪಾಯಿಂಟು ಕನ್ನಡಿಯ ಹಾಗಿತ್ತು. ಪ್ಲಗ್ ಬಿಚ್ಚಿ ಕಿಕ್ ಹೊಡೆದು ನೋಡಿದೆ, ಕಿಡಿ ಚೆನ್ನಾಗಿ ಬಂತು. ತಲೆ ಕೆಟ್ಟು, ಪ್ರತಿ ಸಲದ ಹಾಗೆ ಟ್ಯಾಂಕಿನ ಮುಚ್ಚಳ ತೆಗೆದೆ. ಅರ್ಧ ಟ್ಯಾಂಕ್ ಪೆಟ್ರೋಲ್ ಇತ್ತು. ಮುಚ್ಚಿ, ಪ್ಲಗ್ ಹಾಕಿ ಕಿಕ್ ಹೊಡೆದರೆ ಹೊರಟಿತು.

"ನೋಡ್ದ್ಯಾ?" ಎಂದೆ.

ಬನಶಂಕರಿ ಹತ್ತಿರ ಮತ್ತೆ ನಿಂತಿತು. ನಾನು ಸ್ಕ್ರೂಡ್ರೈವರ್‌ಗೆ ಕೈ ಹಾಕಿದೆ.

"ಅದನ್ನ ಒಳಗಿಡು. ಮುಚ್ಚಳ ತೆಗಿ," ಎಂದಳು ಅಕ್ಕ.

"ಪೆಟ್ರೋಲ್ ಇದೆ ಕಣಕ್ಕ."

"ನಂಗೂ ಗೊತ್ತು. ಆಗ್ಲೂ ಮುಚ್ಚಳ ತೆಗೆದ್ಮೇಲೇ ಹೊರಟಿದ್ದು. ಸಾಕು ನಿನ್ನ ಪಾಯಿಂಟು!"

ಸಿಟ್ಟಿನಲ್ಲೇ ತಿರುಗಿಸಿದೆ. ಸುಯ್ ಎಂದು ಗಾಳಿ ಒಳಗೆ ಹೋಯಿತು. ಆಗ ಹೊಳೆಯಿತು. ಮುಚ್ಚಳದಲ್ಲಿ ಸೂಜಿಯಷ್ಟು ತೂತಿರುತ್ತದೆ. ಅದರಿಂದ ಗಾಳಿ ಒಳಗೆ ಹೋದರೇ ಪೆಟ್ರೋಲ್ ಕೆಳಗಿಳಿಯುವುದು. ಪೂಜೆಯ ದಿನ ಅಮ್ಮ ಗಂಧ ಕುಂಕುಮ ಕಲಸಿ, ಸರಿಯಾಗಿ ಆ ತೂತಿನ ಮೇಲೇ ಬೊಟ್ಟಿಟ್ಟಿದ್ದಳು. ಒಣಗಿ ಸಿಮೆಂಟಾಗಿತ್ತು. ಪ್ರತಿ ಸಲ ಪೆಟ್ರೋಲ್ ನೋಡಲು ಮುಚ್ಚಳ ತೆಗೆದು, ಬೈಕ್ ಹೊರಟರೆ ಪಾಯಿಂಟಿನಿಂದಲೇ ಸರಿಹೋಯಿತು ಎಂದುಕೊಂಡಿದ್ದೆ.

ಅಕ್ಕ ಸೆರಗಿನ ಪಿನ್ನು ಕಿತ್ತು ತಾನೇ ತೂತನ್ನು ಕೆರೆದಳು. ಕೆಂಪು ಪುಡಿ ಉದುರಿತು.

ಆಮೇಲೆ ಎಲ್ಲೂ ನಿಲ್ಲಲಿಲ್ಲ. ವಾಚ್‌ಮನ್ ಬಾಗಿಲು ಎಳೆಯುತ್ತಿದ್ದ. ಅಕ್ಕ ಸೆರಗು ಹಿಡಿದುಕೊಂಡು ಓಡಿ ಒಳಗೆ ನುಗ್ಗಿದಳು. ನನಗೆ ಎಂಜಿನ್ ಆಫ್ ಮಾಡಲು ಧೈರ್ಯ ಬರಲಿಲ್ಲ. ರಸ್ತೆಯಲ್ಲಿ ಅತ್ತಿಂದಿತ್ತ ಓಡಿಸುತ್ತಲೇ ಇದ್ದೆ.

ಹೊರಗೆ ಬಂದವಳು, "ಕೈಯೆಲ್ಲಾ ಪೆಟ್ರೋಲ್ ವಾಸ್ನೆ. ಪಕ್ಕದೋಳು ಮೂಗು ಮುಚ್ಕೊಂಡೇ ಟೈಪ್ ಮಾಡಿದ್ಲು," ಎಂದಳು.

ಮನೆಯಲ್ಲಿ ಅಮ್ಮ, "ಪೂಜೆ ಮಾಡಿದ್ದಕ್ಕೇ ಟೈಮಿಗೆ ಸರಿಯಾಗಿ ಹೋದ್ರಿ," ಎಂದಳು.

ಮುಂದಿನ ವರ್ಷ ಅಮ್ಮ ತಟ್ಟೆ ಹಿಡಿದು ಬೈಕಿನ ಹತ್ತಿರ ಬಂದಾಗ, ನಾನು ಬಾಯಿ ತೆಗೆಯುವ ಮೊದಲೇ ಒಳಗಿನಿಂದ ಅಕ್ಕ ಕೂಗಿದಳು:

"ಅಮ್ಮಾ, ಮುಚ್ಚಳಕ್ಕೆ ಬೇಡ! ಹೆಡ್‌ಲೈಟಿಗೆ ಎಷ್ಟು ಬೇಕಾದ್ರೂ ಬಳಿ. ನಾಡಿದ್ದು ನಂಗೆ ಆಫೀಸಿದೆ."