ಬರೆದು ಕೊಡು ಎಂದಳು ಅವ್ವ

ದೆಹಲಿಯಲ್ಲಿ ಅಕ್ಕನ ಹೃದಯದ ಆಪರೇಷನ್ ಮರುದಿನ ಬೆಳಿಗ್ಗೆ ಏಳಕ್ಕಿತ್ತು. ಒಳಗೆ ಹೋಗುವ ಮುಂಚೆ ಅವ್ವನ ಮುಖ ನೋಡಬೇಕೆಂದು ಅವಳು ಫೋನಿನಲ್ಲಿ ಅತ್ತಿದ್ದಳು. ಹಾಗಾಗಿ ಅವ್ವನನ್ನು ಕರೆದುಕೊಂಡು ನಸುಕಿನಲ್ಲೇ ಸೇಡಂ ಬಿಟ್ಟು ಹೈದರಾಬಾದಿನ ವಿಮಾನ ನಿಲ್ದಾಣ ಸೇರಿದ್ದೆ. ಹನ್ನೊಂದರ ವಿಮಾನ.

ಫಲಕದ ಮೇಲೆ ಮೊದಲು ಒಂದು ತಾಸು ತಡ ಎಂದು ಬಂತು. ಆಮೇಲೆ ಎರಡು ತಾಸು. ಮತ್ತೆ ಮತ್ತೆ ಎದ್ದು ಹೋಗಿ ನೋಡುತ್ತಿದ್ದೆ.

"ನೀ ನೋಡಿದ್ರ ಅದು ಲಗೂ ಬರ್ತದೇನು? ಕುಂದ್ರು," ಎಂದಳು ಅವ್ವ. ಅವಳ ಬೆರಳುಗಳೂ ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ ಇದ್ದವು.

ಒಂದು ಗಂಟೆಗೆ ವಿಮಾನವೇ ರದ್ದಾಯಿತು. ಕೌಂಟರಿನ ಹುಡುಗಿ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು: ಹಣ ವಾಪಸ್ ತಗೊಳ್ಳಿ, ಇಲ್ಲವೇ ನಾಳೆ ಸಂಜೆ ಹೋಗಿ. ನನ್ನ ದನಿ ಏರಿತು. ಅವ್ವ ರಟ್ಟೆ ಹಿಡಿದು ಹಿಂದಕ್ಕೆಳೆದಳು.

"ಒದರಬ್ಯಾಡ. ವಾಡಿ ರೈಲ್ವೆ ಸ್ಟೇಷನ್‌ದಾಗ ವಿಚಾರಣೆ ಕಿಟಕ್ಯಾಗ ಇಪ್ಪತ್ತೆಂಟು ವರ್ಷ ಕುಂತಾಕಿ ನಾ. ಒದರೋರ ಮಾತು ಕಿವ್ಯಾಗ ಹೋಗಂಗಿಲ್ಲ. ಆಕಿನೂ ಮುಂಜಾನಿಂದ ಉಂಡಿಲ್ಲ, ಮಾರಿ ನೋಡು. ಮೊಬೈಲ್‌ದಾಗ ನಿಯಮ ಏನದ, ತೆಗಿ."

ಹುಡುಕಿದೆ. ವಿಮಾನ ರದ್ದಾದರೆ ಹಣ ವಾಪಸ್ಸೋ ಬೇರೆ ವಿಮಾನವೋ ಎಂಬ ಆಯ್ಕೆ ಪ್ರಯಾಣಿಕರದು ಎಂದಿತ್ತು. ಅವ್ವ ಎರಡು ಸಲ ಓದಿ, ಕೌಂಟರಿಗೆ ಹೋಗಿ ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು: "ಬೇಟಿ, ನಮಗೆ ಹಣ ಬೇಡ, ಇಂದೇ ಹೋಗಬೇಕು. ಆಗದಿದ್ದರೆ ಯಾಕೆ ಆಗುವುದಿಲ್ಲ ಎಂದು ಬರೆದು, ಸಹಿ ಹಾಕಿ ಕೊಡು."

ಹುಡುಗಿ ಬರೆಯಲಿಲ್ಲ, ಮೇಲಧಿಕಾರಿಯನ್ನು ಕರೆದಳು. ಅಕ್ಕ ನನ್ನ ಮೊಬೈಲಿಗೆ ಕಳಿಸಿದ್ದ ಆಸ್ಪತ್ರೆಯ ಕಾಗದವನ್ನು ಅವ್ವ ಅವರಿಗೆ ತೋರಿಸಿದಳು. ಅವರು ಫೋನಿನಲ್ಲಿ ಮಾತಾಡುತ್ತಿರುವಷ್ಟು ಹೊತ್ತೂ ನಾನು ಕಂಬದಿಂದ ಕಂಬಕ್ಕೆ ನಡೆಯುತ್ತಿದ್ದೆ. ಕೊನೆಗೆ ಬೇರೆ ಕಂಪನಿಯ ನಾಲ್ಕರ ವಿಮಾನದಲ್ಲಿ ಸೀಟು ಸಿಕ್ಕಿತು. ಒಂದೇ ಒಂದು.

"ನೀ ಒಬ್ಬಾಕಿ ಹ್ಯಾಂಗ ಹೋಗ್ತಿ?" ಎಂದೆ. ಅವ್ವ ಎಂದೂ ವಿಮಾನ ಹತ್ತಿದವಳಲ್ಲ.

"ಹ್ಯಾಂಗಂದ್ರ? ಕುಂದ್ರಸಿದ್ರ ಹೋಗ್ತದ," ಎನ್ನುತ್ತ ಅವಳು ಚೀಲ ಹೆಗಲಿಗೇರಿಸಿದಳು. ತಪಾಸಣೆಯ ಸಾಲಿನಲ್ಲಿ ಒಮ್ಮೆ ಮಾತ್ರ ತಿರುಗಿ ನೋಡಿದಳು. ಬೆರಳುಗಳು ಮತ್ತೆ ಸೆರಗಿನ ತುದಿ ಸುತ್ತುತ್ತಿದ್ದವು.

ರಾತ್ರಿ ಊಟದ ಹೊತ್ತಿಗೆ ಅಕ್ಕನ ಫೋನ್ ಬಂತು. "ಅವ್ವ ಬಂದಾಳ. ಬಾಚಣಿಗಿ ಹಿಡ್ದು ನನ್ ತಲಿ ಹಿಕ್ಕಾಕತ್ಯಾಳ," ಎಂದು ನಕ್ಕಳು.

ಮರುದಿನ ಸಂಜೆಯ ವಿಮಾನಕ್ಕೆ ನಾನು ಕಾಯುತ್ತಿದ್ದಾಗ, ಆಪರೇಷನ್ ಸುಸೂತ್ರವಾಗಿ ಮುಗಿಯಿತೆಂದು ಅವ್ವ ಫೋನಿನಲ್ಲಿ ಹೇಳಿದಳು. ನನಗೆ ಹಸಿವಾದದ್ದು ಆಗಲೇ.